ಕುಬಸದ ಸೀರೆಗಳ ಪಟ್ಟಿ

ಹೊಸಪೇಟೆ
೧೪ ನವೆಂಬರ್ ೨೦೨೪

ಗೆಳತಿ ಸುನಿತಾ,

ನಾನು ಕ್ಷೇಮ ಎಂದು ಬರೆಯುವ ಧೈರ್ಯವಿಲ್ಲ, ನಿನ್ನ ಕ್ಷೇಮ ಕೇಳುವ ಮುಖವೂ ಇಲ್ಲ. ನನ್ನ ನಂಬರನ್ನು ನೀನು ಬ್ಲಾಕ್ ಮಾಡಿದ್ದೀಯ. ಸರಿಯಾಗೇ ಮಾಡಿದ್ದೀಯ. ಕಾಲೇಜು ಬಿಟ್ಟ ಮೇಲೆ ಯಾರಿಗೂ ಕಾಗದ ಬರೆದವಳಲ್ಲ ನಾನು, ಅಕ್ಷರ ಸೊಟ್ಟಗಿದ್ದರೆ ನಗಬೇಡ. ನಕ್ಕರೂ ಪರವಾಗಿಲ್ಲ.

ಸಾಕಾಗಿದೆ ಕಣೇ. ಎರಡು ತಿಂಗಳಿಂದ ಫೋನ್ ರಿಂಗಾದರೆ ಎತ್ತಲೋ ಬೇಡವೋ ಎನ್ನಿಸುತ್ತದೆ. ಮೊದಲು ಹಸಿರು ಸೀರೆ ಬೇಕು ಎಂದು ಫೋನ್ ಬರುತ್ತಿತ್ತು, ಈಗ ಯಾರೋ ಫೋನ್ ಮಾಡಿ ಮೋಸ ಮಾಡಿದರು ಎಂದು ಬರುತ್ತದೆ. ಮೊನ್ನೆ ಮಂಗಳವಾರದ್ದು ಹದಿನೇಳನೆಯದು.

ನಮ್ಮದು ಎಂಥ ಅಂಗಡಿ ಎಂದು ನಿನಗೆ ಹೇಳಬೇಕಾಗಿಲ್ಲ, ಆದರೆ ಪೊಲೀಸರಿಗೆ ಹೇಳಿ ಹೇಳಿ ನನಗದು ಬಾಯಿಪಾಠವಾಗಿದೆ. ಕುಬಸದ ಸೀರೆ ಆನ್‌ಲೈನ್‌ನಲ್ಲಿ ಮಾರ್ತೀವಿ ಸರ್, ಬಸುರಿಗೆ ತವರಿನವರು ಐದು, ಏಳು, ಒಂಬತ್ತನೇ ತಿಂಗಳಲ್ಲಿ ಉಡಿಸ್ತಾರಲ್ಲ, ಆ ಹಸಿರು ಸೀರೆ. ಸೆರಗಿನಲ್ಲಿ ಗಿಳಿ, ತೊಟ್ಟಿಲು, ಬಸುರಿಯ ಹೆಸರು ಕಸೂತಿ ಹಾಕೋದು ಬಂಡ್ರಿ, ವಡ್ಡು ಹಳ್ಳಿಗಳ ಹೆಣ್ಣುಮಕ್ಕಳು. ಗಿರಾಕಿಗಳಿಂದ ಹೆಸರು, ವಿಳಾಸ, ಫೋನ್ ನಂಬರು, ಎಷ್ಟನೇ ತಿಂಗಳು, ಕುಬಸ ಯಾವತ್ತು, ಎಲ್ಲಾ ಬರೆಸಿಕೊಳ್ತೀವಿ. ಇಷ್ಟು ಹೇಳಿದ ಮೇಲೆ ಅಲ್ಲಿದ್ದ ಮಹಿಳಾ ಪೇದೆ, ದಿನ ಗೊತ್ತಾದ್ರ ಸಾಕಲ್ರೀ, ತಿಂಗಳು ಯಾಕ ಬೇಕು ನಿಮಗ ಎಂದು ಕೇಳಿದಳು. ಇದನ್ನೇ ನೀನು ನನಗೆ ಎಷ್ಟು ಸಲ ಕೇಳಿದ್ದೆ. ಬೇಡದ್ದನ್ನು ಕೇಳಬೇಡ, ಸೀರೆ ಮುಟ್ಟಿದ ಮೇಲೆ ವಿಳಾಸ ಅಳಿಸು, ಪಾಸ್‌ವರ್ಡನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಬೇಡ. ನಾನು ನಿನಗೆ ಬೀಗದ ಬಸಮ್ಮ ಎಂದು ಹೆಸರಿಟ್ಟು ನಗುತ್ತಿದ್ದೆ. ಅಂಗಡಿಯ ವೆಬ್‌ಸೈಟ್ ಕಟ್ಟಿದವಳು ನೀನು, ಬಾಗಿಲು ಕಾಯ್ದವಳೂ ನೀನು, ನಗುವ ಕೆಲಸ ಮಾತ್ರ ನನ್ನದು.

ಮೊದಲು ಬಂದವರು ಪಟೇಲ್ ನಗರದ ಯಮುನಾಬಾಯಿ. ಆವತ್ತು ನೀನೂ ಇದ್ದೆ. ಮಗಳು ಶ್ರೀಲಕ್ಷ್ಮೀಯ ಸೀರೆ ಪಾರ್ಸಲ್ ಹುಬ್ಬಳ್ಳಿಯಲ್ಲಿ ನಿಂತಿದೆ, ವಿಳಾಸ ಸರಿ ಮಾಡಬೇಕು, ಐದು ರೂಪಾಯಿ ಕಟ್ಟಿ, ಮೊಬೈಲಿಗೆ ಬಂದ ನಂಬರ್ ಹೇಳಿ ಎಂದು ಯಾವನೋ ಕೇಳಿದ್ದ. ಹೇಳಿದರು. ಹೆರಿಗೆಗೆಂದು ಇಟ್ಟದ್ದೆಲ್ಲ ಖಾತೆಯಿಂದ ಹೋಯಿತು. ಅವರು ಒಂದು ಮಾತೂ ಬೈಯಲಿಲ್ಲ, ಅದೇ ನನಗೆ ತಡೆಯಲಾಗಲಿಲ್ಲ. ಹಣದ ಮಾತೂ ಎತ್ತದೆ ಒಂದೇ ಕೇಳಿದರು, ನಮ್ಮ ಶ್ರೀಲಕ್ಷ್ಮೀಗೆ ಏಳನೇ ತಿಂಗಳು ಅಂತ ಅವಂಗ ಹೆಂಗ ಗೊತ್ತಾತವಾ, ನಾವಿನ್ನೂ ಓಣಿಯವರಿಗೂ ಹೇಳಿಲ್ಲ. ಹೆಸರು, ತಿಂಗಳು, ಸೀರೆಯ ಬಣ್ಣ, ಎಲ್ಲ ಹೇಳಿದವನು ಕಳ್ಳನಿರಬಹುದು ಎಂದು ಯಾರಿಗೆ ತಾನೇ ಅನ್ನಿಸುತ್ತದೆ.

ಆಮೇಲೆ ನಾನು ಮಾಡಿದ್ದು ನಿನಗೆ ನೆನಪಿದೆ. ಯಮುನಾಬಾಯಿ ಎದುರು, ಪಾರ್ಸಲ್ ಕಟ್ಟುವ ದುರುಗೇಶಣ್ಣನ ಎದುರು, ಕಸೂತಿ ಕೊಡಲು ಬಂದಿದ್ದ ವಿರುಪಮ್ಮನ ಎದುರು, ನಿನ್ನ ಕಡೆ ಬೆರಳು ಮಾಡಿದೆ. ಕೀಲಿಕೈಯೆಲ್ಲ ಇವಳ ಹತ್ತಿರ, ಇವಳನ್ನೇ ಕೇಳಿ ಎಂದೆ. ನೀನು ಗೋಡೆಗೆ ಕೈಯೂರಿ ನಿಂತು, ಲೇ ತ್ರಿವೇಣಿ, ತಿಳದ ಮಾತಾಡಾಕತ್ತೀಯೇನ, ಎಂದೆ. ಹೌದು ಎಂದೆ ನಾನು. ಚೀಲ ತಗೊಂಡು ಕಂಪ್ಲಿ ಬಸ್ಸು ಹತ್ತಿದೆ ನೀನು. ಲೆಕ್ಕ ಚುಕ್ತಾ ಮಾಡಲೂ ಬರಲಿಲ್ಲ.

ಹೋದ ವಾರ ಬಳ್ಳಾರಿಯಿಂದ ಸಿದ್ದಲಿಂಗೇಶ್ ಎನ್ನುವವರನ್ನು ಕರೆಸಿದೆ. ಇಂಥದ್ದನ್ನೆಲ್ಲ ಜಾಲಾಡುವುದೇ ಅವರ ಕೆಲಸ. ಎರಡು ದಿನ ಕುಳಿತು ನೋಡಿ, ನಿನ್ನ ವೆಬ್‌ಸೈಟಿಗೆ ಯಾರೂ ನುಗ್ಗಿಲ್ಲ ಎಂದರು. ಭಾಳ ಗಟ್ಟಿ ಕಟ್ಯಾರ್ರೀ, ಯಾರು ಇವ್ರು ಎಂದೂ ಕೇಳಿದರು. ಮಾಹಿತಿ ಸೋರಿದ್ದು ಬೇರೆ ಕಡೆ. ಯುಗಾದಿ ಹೊತ್ತಿಗೆ ಆರ್ಡರ್ ಜಾಸ್ತಿಯಾಗಿತ್ತಲ್ಲ. ಯಾವ ಸೀರೆಗೆ ಯಾವ ಹೆಸರು ಎಂದು ವಿರುಪಮ್ಮ ದಿನಕ್ಕೆ ಹತ್ತು ಸಲ ಫೋನ್ ಮಾಡುತ್ತಿದ್ದಳು. ಅವಳ ಮೊಬೈಲಿನಲ್ಲಿ ಪಾಸ್‌ವರ್ಡ್ ಹಾಕಿ ಒಳಹೋಗಲು ಬರುತ್ತಿರಲಿಲ್ಲ, ಓಟಿಪಿ ಬಂದರೆ ಮಗ ಕ್ವಾರಿಯಿಂದ ಮನೆಗೆ ಬರಬೇಕಿತ್ತು. ನಾನು ಆರ್ಡರ್‌ಗಳನ್ನೆಲ್ಲ ಒಂದು ಪಟ್ಟಿಗೆ ಇಳಿಸಿ, ಲಿಂಕ್ ಸಿಕ್ಕವರಿಗೆಲ್ಲ ತೆರೆಯುವಂತೆ ಮಾಡಿ, ಕಸೂತಿಯವರ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಹೆಸರಿನ ಸಾಲು ಒಂದೇ ಸಾಕಿತ್ತು. ಪೂರ್ತಿ ಹಾಕಿದೆ. ಆ ಗ್ರೂಪಿನಲ್ಲಿ ದಾರದ ಅಂಗಡಿಯವರಿದ್ದಾರೆ, ಬಿಟ್ಟುಹೋದ ಕೊರಿಯರ್‌ನವರಿದ್ದಾರೆ, ಯಾರ ಯಾರದೋ ಭಾವಮೈದುನರೂ ಇದ್ದಾರೆ. ಅಲ್ಲಿಂದ ಲಿಂಕ್ ಎಲ್ಲೆಲ್ಲಿಗೆ ಹೋಯಿತೋ, ಯಾರಿಗೂ ಗೊತ್ತಿಲ್ಲ, ಗೊತ್ತಾಗುವುದೂ ಇಲ್ಲವಂತೆ.

ಇಲ್ಲಿಗೆ ನಿಲ್ಲಿಸಿ ಸಹಿ ಹಾಕೋಣ ಎಂದುಕೊಂಡಿದ್ದೆ. ಓದಿ ನೋಡಿದರೆ, ಹೋದ ವಾರವಷ್ಟೇ ನನಗೆ ಗೊತ್ತಾದ ಹಾಗೆ ಬರೆದಿದ್ದೇನೆ. ಅದು ಸುಳ್ಳು. ನೀನು ಹೋದ ಮರುದಿನವೇ ನನಗೆ ಗೊತ್ತಿತ್ತು. ವಿರುಪಮ್ಮ ಫೋನ್ ಮಾಡಿ, ಅಕ್ಕಾ, ಆ ಬಾಯೋರು ಹೇಳಿದ ತಿಂಗಳು ಗಿಂಗಳು ಎಲ್ಲಾ ನಮ್ಮ ಗ್ರೂಪಿನ ಪಟ್ಟಿಯಾಗೂ ಐತಲ್ರೀ, ಎಂದಳು. ಓದಲು ಬಾರದ ಹೆಂಗಸು, ಹೆಸರನ್ನೂ ಅಕ್ಷರದ ಆಕಾರ ನೋಡಿಯೇ ಹೊಲಿಯುವವಳು, ಮಗನಿಂದ ಓದಿಸಿಕೊಂಡು ಒಂದೇ ದಿನದಲ್ಲಿ ಕಂಡುಹಿಡಿದಿದ್ದಳು. ಸುಮ್ನಿರು, ಯಾರಿಗೂ ಹೇಳಬ್ಯಾಡ, ಎಂದೆ ನಾನು.

ಇನ್ನೂ ಕೆಟ್ಟದ್ದು ಬಾಕಿ ಇದೆ. ಪಟ್ಟಿಯನ್ನು ಅವತ್ತೇ ಮುಚ್ಚಬಹುದಿತ್ತು, ಒಂದು ಗುಂಡಿ ಒತ್ತಿದ್ದರೆ ಆಗುತ್ತಿತ್ತು. ಮುಚ್ಚಿದರೆ ಯಾಕೆ ಮುಚ್ಚಿದಿರಿ ಎಂದು ಎಲ್ಲರೂ ಕೇಳುತ್ತಾರೆ, ನಿನ್ನ ತಪ್ಪಲ್ಲ ಎಂದು ಬಯಲಾಗುತ್ತದೆ ಎಂದು ಹೆದರಿದೆ. ದಸರೆ ಹತ್ತಿರ ಬಂದಿತ್ತು, ಆಮೇಲೆ ದೀಪಾವಳಿ. ಹೀಗೇ ದಿನ ತಳ್ಳಿದೆ. ಹೊಸ ಆರ್ಡರ್‌ಗಳೂ ತಾವಾಗೇ ಅದೇ ಪಟ್ಟಿಗೆ ಸೇರುತ್ತಾ ಹೋದವು, ನಾನು ತೆರೆದೂ ನೋಡಲಿಲ್ಲ. ಸಿದ್ದಲಿಂಗೇಶ್ ಬಂದು ಮುಚ್ಚಿಸುವವರೆಗೆ ಮತ್ತೆ ಏಳು ವಾರ ಅದು ತೆರೆದೇ ಇತ್ತು. ಹದಿನೇಳರಲ್ಲಿ ಎಷ್ಟು ಫೋನ್ ಈ ಏಳು ವಾರದ್ದು ಎಂದು ನಾನು ಎಣಿಸಿಲ್ಲ. ನನ್ನ ಕೈಲಾಗುವುದಿಲ್ಲ.

ನಾಳೆ ಎಲ್ಲ ಗಿರಾಕಿಗಳಿಗೂ ಮೆಸೇಜ್ ಹೋಗುತ್ತದೆ. ನಿಮ್ಮ ಹೆಸರು, ವಿಳಾಸ, ನಂಬರು, ತಿಂಗಳು ಕಳ್ಳರ ಕೈ ಸೇರಿರಬಹುದು, ತಪ್ಪು ನನ್ನದು, ಸುನಿತಾ ಅವರದ್ದಲ್ಲ ಎಂದು ನಿನ್ನ ಹೆಸರು ಹಾಕಿಯೇ ಬರೆದಿದ್ದೇನೆ. ಮೆಸೇಜ್ ಓದಲು ಬಾರದವರಿಗೆ ಇವತ್ತು ಬೆಳಗಿನಿಂದ ಫೋನ್ ಮಾಡುತ್ತಿದ್ದೇನೆ. ಯಮುನಾಬಾಯಿ ಮನೆಗೆ ಹೋಗಿ ಹೇಳಿಬಂದೆ. ನಿಮ್ಮ ಗೆಳತಿಗೆ ಹೇಳೀರೇನು ಎಂದು ಅವರು ಕೇಳಿದರು, ಅದಕ್ಕೇ ಈ ಕಾಗದ. ನಮ್ಮ ಮನೆಯವರು, ಹಾಲೇಶ್, ಮೆಸೇಜ್ ಹೋದರೆ ಅಂಗಡಿ ಮುಚ್ಚಿದ ಹಾಗೇ ಎನ್ನುತ್ತಾರೆ. ಮುಚ್ಚಲಿ. ನನಗೆ ನಿದ್ದೆ ಬಂದರೆ ಸಾಕಾಗಿದೆ.

ವಾಪಸ್ ಬಾ ಎಂದು ಕರೆಯುವುದಿಲ್ಲ. ಕ್ಷಮಿಸು ಎಂದು ಮಾತ್ರ ಕೇಳುತ್ತೇನೆ, ಅದನ್ನೂ ನಿನಗೆ ಮನಸ್ಸು ಬಂದಾಗ.

ಇಂತಿ,
ನಿನ್ನ ಮೇಲೆ ಬೆರಳು ಮಾಡಿದವಳು,
ತ್ರಿವೇಣಿ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ. ಮಧ್ಯಾಹ್ನ ಫೋನ್ ಮಾಡುತ್ತಾ ಪಟ್ಟಿಯ ಕೊನೆಗೆ ಬಂದಾಗ ಅಕ್ಟೋಬರ್ ಮೂರರ ಒಂದು ಆರ್ಡರ್ ಸಿಕ್ಕಿತು. ಅಕ್ಕನಾಗಮ್ಮ, ಕಂಪ್ಲಿ. ನಿನ್ನ ಅತ್ತೆಯ ಹೆಸರು, ನಿಮ್ಮ ಮನೆಯ ವಿಳಾಸ, ಫೋನ್ ನಂಬರು ನಿನ್ನದು. ಏಳನೇ ತಿಂಗಳ ಕುಬಸ, ಡಿಸೆಂಬರ್ ಎಂಟಕ್ಕೆ. ಸೆರಗಿಗೆ ಹೆಸರು ಬೇಡ, ವಿರುಪಮ್ಮನ ಕೈಯ ಗಿಳಿ ಸಾಕು ಎಂದು ಬರೆದಿದ್ದೀಯ. ವೆಬ್‌ಸೈಟ್ ನೀನೇ ಕಟ್ಟಿದ್ದಲ್ಲವೇ, ನಂಬಿ ಬರೆದೆ. ನಾನು ಬಾಯಿ ಮುಚ್ಚಿಕೊಂಡು ಪಟ್ಟಿ ತೆರೆದಿಟ್ಟ ಏಳು ವಾರದೊಳಗೇ ಅದು ಬಂದಿದೆ. ಸೀರೆ ಇನ್ನೂ ಬಂಡ್ರಿಯಲ್ಲಿದೆ, ಪಾರ್ಸಲ್ ನಿಂತಿದೆ ಎಂದು ಯಾರು ಫೋನ್ ಮಾಡಿದರೂ ಸುಳ್ಳು. ನೀನು ಮೋಸ ಹೋಗುವವಳಲ್ಲ, ಆದರೆ ಮನೆಯಲ್ಲಿ ನಿನ್ನ ಫೋನ್ ಎತ್ತುವವರು ನಿನ್ನ ಅತ್ತೆ. ಅದಕ್ಕೇ ಇದನ್ನು ಅಂಚೆಗೆ ಹಾಕದೆ ದುರುಗೇಶಣ್ಣನ ಕೈಯಲ್ಲಿ ಕಳಿಸುತ್ತಿದ್ದೇನೆ. ತಾಯಿಯಿಲ್ಲದ ನೀನು ಕುಬಸದ ಸೀರೆಗೆ ನನ್ನ ಅಂಗಡಿಯಲ್ಲೇ ದುಡ್ಡು ಕಟ್ಟಿದ್ದೀಯ. ಆವತ್ತು ಗೋಡೆಗೆ ಕೈಯೂರಿ ನಿಂತಿದ್ದಾಗಲೇ ನಿನಗೆ ನಾಲ್ಕು ತುಂಬಿತ್ತು. ಹನ್ನೊಂದು ವರ್ಷ ಕಾದ ಸುದ್ದಿ ಸುನೀ, ನೀನು ಬಾಯಾರೆ ಹೇಳಿ ನಾನು ಕೇಳಬೇಕಿತ್ತು. ನನಗಿಂತ ಮೊದಲು ಅದನ್ನು ಯಾವನೋ ಕಳ್ಳ ಓದಿದ್ದಾನೆ.