ಅರಿಶಿನದ ಹೆಬ್ಬೆಟ್ಟು

ಶನಿವಾರ, ೧೩ ಆಗಸ್ಟ್ ೨೦೧೧

ಸೀಲ್ ಹಾಕಿದ ಪ್ಲಾಸ್ಟಿಕ್ಕಿನೊಳಗೆ, ಡಿವಿಡಿ ಡಬ್ಬಿಯ ಮೇಲೆ ಅರಿಶಿನದ ಹೆಬ್ಬೆಟ್ಟು! ಅದನ್ನು ಒರಿಜಿನಲ್ ಎಂದು ಸೇಠರ ಅಂಗಡಿಯಲ್ಲಿ ಗಿರಾಕಿಗೆ ಕೊಟ್ಟವನು ನಾನೇ. ಗಿರಾಕಿ ಅದನ್ನು ಬೆಳಕಿಗೆ ಹಿಡಿದು, ಫ್ಯಾಕ್ಟರಿಯಲ್ಲಿ ಪೂಜೆಯೂ ನಡೆಯುತ್ತದೆಯೇ ಎಂದು ಮರಾಠಿಯಲ್ಲಿ ಕೇಳಿ ನಕ್ಕ. ಬಿಲ್ಲಿಗೆ ನನ್ನ ಸಹಿ ಮಾಡಿಸಿಕೊಂಡು, ಬಿಚ್ಚದೆಯೇ, ಪುರಾವೆಯಂತೆ ಜೋಪಾನವಾಗಿ ಒಯ್ದ.

ಆ ಗುರುತಿನ ನಡುವೆ ಕೊಯ್ದ ಗಾಯದ ಗೆರೆ ಇತ್ತು. ನನ್ನ ಹೆಂಡತಿ ತ್ರಿವೇಣಿಯ ಹೆಬ್ಬೆರಳಲ್ಲೂ ಈಳಿಗೆ ಕೊಯ್ದ ಅಂಥದ್ದೇ ಗೆರೆ ಇದೆ.

ಊಟಕ್ಕೆ ಕೂತಾಗ ಅವಳನ್ನು ಕೇಳಿದೆ, ಕೊಂಢವಾ ಬಡಾವಣೆಯಲ್ಲಿ ನೀನು ಹೋಗುವ ಪ್ಯಾಕಿಂಗ್ ಕೆಲಸದಲ್ಲಿ ಏನು ಸುತ್ತುತ್ತೀರಿ ಎಂದು.

"ಸಿನಿಮಾದ ಡಿವಿಡಿ ರೀ. ನಿನ್ನೆ ಶುಕ್ರವಾರದ ಪೂಜಾ ಮುಗಿಸಿ ಹಂಗ ಓಡಿದ್ದೆ. ನಿಮ್ಮ ಅಂಗಡಿ ಸೇಠರು ಖುದ್ದ ಬಂದು ಒಯ್ದ್ರು. ನಿಮಗ ಹೇಳಬ್ಯಾಡ ಅಂದಿದ್ರು."

ಡಬ್ಬಿಯ ಮೇಲೆ ಅವಳ ಹೆಬ್ಬೆಟ್ಟಿದೆ, ಬಿಲ್ಲಿನ ಮೇಲೆ ನನ್ನ ಸಹಿಯಿದೆ. ಸೇಠರದು ಎಲ್ಲೂ ಏನೂ ಇಲ್ಲ.