ಮೂರನೇ ಹಂತದ ಚಿಕ್ಕಮ್ಮ

ಜನವರಿ 8, ಬುಧವಾರ. ಸಂಜೆ 7.10

ಕಾರ್ಡುಧಾರಿಗಳಾದ ಮಹಾಜನಗಳೇ, ಚಂದಾ ತೆತ್ತು ಚಂದವಾಗಿ ಕುಳಿತಿರುವ ಸಭಿಕರೇ, ಮಿಯಾಝಾಕಿ ನಗರದ ಈ ಒಂದೂವರೆ ಕೋಣೆಯ ಸಭಾಂಗಣಕ್ಕೆ ತಮಗೆಲ್ಲ ಸ್ವಾಗತ. ಅಧ್ಯಕ್ಷತೆ: ಹಿದಾಕಾ ತೊಮೊಯಾ, ವಯಸ್ಸು ನಲವತ್ತಾರು, ಗ್ಯಾಸ್ ಕಂಪನಿಯ ಮೀಟರ್ ವಿಭಾಗ. ವಂದನಾರ್ಪಣೆ: ಅವರೇ. ಹಾಜರಿ: ಹನ್ನೊಂದು ಕ್ರೆಡಿಟ್ ಕಾರ್ಡು, ಚಳಿಗೆ ಕಾಲು ಕಾಯಿಸಿಕೊಳ್ಳುವ ಒಂದು ಬಿಸಿಮೇಜು.

ಪ್ರತಿ ತಿಂಗಳ ಎಂಟರ ಕೆಲಸ. ಕಾರ್ಡುಗಳನ್ನು ಸಾಲಾಗಿ ಹರವಿದ್ದಾಯಿತು. ಎಡಕ್ಕೆ ಮನೆ ನಡೆಸುವವು — ಕರೆಂಟು, ನೀರು, ಬಾಡಿಗೆ. ಬಲಕ್ಕೆ ಹೊಟ್ಟೆ ನಡೆಸುವವು. ನಡುವೆ ನೀಲಿಯದು. ಪ್ರಯಾಣದ ಕಾರ್ಡು. ಪಟ್ಟದ ರಾಣಿ.

ಇಂದಿನ ಉಪನ್ಯಾಸ: ಪ್ರಯಾಣದ ಕಾರ್ಡನ್ನು ಆರಿಸುವ ಬಗೆ. ವರ್ಷದ ಶುಲ್ಕ ನೋಡಿ ಹೆದರಬೇಡಿ. ಶುಲ್ಕವೇ ಇಲ್ಲ ಅಂದರೆ ಹೆದರಿ. ನೂರು ಯೆನ್ ಖರ್ಚಿಗೆ ಒಂದು ಮೈಲಿ, ಅಂದರೆ ವಿಮಾನದ ಟಿಕೆಟಿಗೆ ಸಲ್ಲುವ ಒಂದು ಪಾಯಿಂಟು, ಕೊಡದ ಕಾರ್ಡು ಕಾರ್ಡಲ್ಲ, ಪುಸ್ತಕದಲ್ಲಿ ಗುರುತಿಗೆ ಇಡುವ ರಟ್ಟು. ಇನ್ನೊಂದು, ತಿಂಗಳ ಬಿಲ್ಲನ್ನು ಪೂರ್ತಿ ತೀರಿಸದವನಿಗೆ ಬರುವುದು ಮೈಲಿಯಲ್ಲ, ಬಡ್ಡಿ. ಬಡ್ಡಿಯ ಮೇಲೆ ಕೂತು ಯಾರೂ ಹಾರಿದ್ದಿಲ್ಲ.

ನಮ್ಮಂಥವರನ್ನು ಇಲ್ಲಿ ನೆಲದ ಮೈಲಿಗರು ಅನ್ನುತ್ತಾರೆ. ವಿಮಾನ ಹತ್ತದೆ, ಅಕ್ಕಿ ಸಾಬೂನು ಕೊಂಡುಕೊಂಡೇ ಮೈಲಿ ಕೂಡಿಸುವ ಪಂಗಡ. ನಾನು ವಿಮಾನವನ್ನು ಒಳಗಿನಿಂದ ನೋಡಿ ಹತ್ತೊಂಬತ್ತು ವರ್ಷ.

ಇವತ್ತಿಗೆ 63,200 ಮೈಲಿ. ಅದರಲ್ಲಿ 41,000 ಫೆಬ್ರವರಿ ಕೊನೆಗೆ ಸಾಯುತ್ತವೆ. ಮೈಲಿಯ ಆಯುಸ್ಸು ಮೂರೇ ವರ್ಷ. ಆದ್ದರಿಂದ ತೀರ್ಮಾನ: ಅಷ್ಟರೊಳಗೆ ಟಿಕೆಟ್ ತೆಗೆದು, ಮಾರ್ಚ್‌ನಲ್ಲಿ ಹೊಕ್ಕೈದೋ. ಉತ್ತರದ ತುದಿಯ ಅಬಾಶಿರಿ ಊರು, ಸಮುದ್ರದ ಮೇಲೆ ಮಂಜುಗಡ್ಡೆ ತೇಲಿಬರುವ ಕಡೆ. ಎರಡು ಟಿಕೆಟ್. ಒಂದು ನನಗೆ, ಒಂದು ಚಿಕ್ಕಮ್ಮನಿಗೆ.

ಅಕ್ಕಿಗೆ ಒಂದು, ಬೆಕ್ಕಿಗೆ ಒಂದು,
ರೆಕ್ಕೆಯು ಬಂತು ಲೆಕ್ಕಕ್ಕೆ ಇಂದು.

(ಬೆಕ್ಕಿಲ್ಲ. ಪ್ರಾಸಕ್ಕೆ ಸಾಕಿದ್ದು.)

ಜನವರಿ 13, ಸೋಮವಾರ

ಸೋಮವಾರ ಊರಿನ ಕ್ಷೌರದಂಗಡಿಗಳಿಗೆಲ್ಲ ರಜೆ. ಚಿಕ್ಕಮ್ಮ ಷಟರ್ ಅರ್ಧ ಇಳಿಸಿ ನನ್ನ ಕೂದಲು ಕತ್ತರಿಸುವುದು ಅವತ್ತೇ.

ಕುರೊಗಿ ಸುಮಿಯೆ. ಅಮ್ಮನ ತಂಗಿ. ಎಪ್ಪತ್ಮೂರು. ಮದುವೆಯಾಗಲಿಲ್ಲ, ಕತ್ತರಿ ಬಿಡಲಿಲ್ಲ. ಅಮ್ಮ ತೀರಿಕೊಂಡಾಗ ನನಗೆ ಏಳು. ಮೀನುಹಡಗಿನಲ್ಲಿದ್ದ ಅಪ್ಪ "ಹಡಗು ಬರೋವರೆಗೆ" ಎಂದು ನನ್ನನ್ನು ಈ ಅಂಗಡಿಯಲ್ಲಿ ಬಿಟ್ಟು ಹೋದ. ಹಡಗು ಬಂತು. ಅಪ್ಪ ಒಸಾಕಾದಲ್ಲೇ ಇಳಿದುಕೊಂಡ. ಈಗ ಅವನೂ ಇಲ್ಲ.

"ಲೋ ತೊಮೊ, ನೆತ್ತಿ ಮೇಲೆ ಕೂದಲಿಗಿಂತ ಪಾಯಿಂಟೇ ಜಾಸ್ತಿ ಆಗಿದೆ ನಿಂಗೆ. ಅರ್ಧ ರೇಟು ತಗೋಬೇಕು ನಾನು."

"ಕಾರ್ಡ್ ತಗೊಳ್ಳೋಹಾಗಿದ್ರೆ ಡಬಲ್ ಕೊಡ್ತೀನಿ."

"ನನ್ನ ಅಂಗಡೀಲಿ ಬ್ಲೇಡು, ನೋಟು, ಎರಡೇ ನಡೆಯೋದು."

ಅಬಾಶಿರಿಯ ವಿಷಯ ಹೇಳಿದೆ. ಕತ್ತರಿ ನಿಂತಿತು.

"ವಿಮಾನ ಬಿಟ್ಟೀನಾ? ಹಂಗಾದ್ರೆ ಪೈಲಟ್‌ಗೆ ಸಂಬಳ ಯಾರು ಕೊಡ್ತಾರೆ?"

"ಬಿಟ್ಟಿ ಅಲ್ಲ ಚಿಕ್ಕಮ್ಮ. ಮೂರು ವರ್ಷ ಅಕ್ಕಿ ತಗೊಂಡಿದ್ದಕ್ಕೆ ಬಂದಿದ್ದು."

"ಅಷ್ಟೊಂದು ಅನ್ನ ತಿಂದ್ಯಾ? ಮೈಯಲ್ಲಿ ಕಾಣಲ್ವಲ್ಲೋ."

ಆ ಮಂಜುಗಡ್ಡೆಯ ಕಡೆ ಹೋಗಬೇಕು ಅನ್ನುವುದು ಅವಳ ಹಳೆಯ ಆಸೆ; ಮಂಜುಗಡ್ಡೆಯನ್ನೇ ಯಾಕೆ ನೋಡಬೇಕು ಎಂದು ಇಷ್ಟು ವರ್ಷ ಕೇಳಿರಲಿಲ್ಲ. ಕೇಳಿದೆ. ನೋಡುವುದಕ್ಕಲ್ಲವಂತೆ. ನಲವತ್ತು ವರ್ಷದ ಹಿಂದೆ ಆ ಕಡೆಯ ಮೀನುಗಾರನೊಬ್ಬ ಗಡ್ಡ ತೆಗೆಸಲು ಬಂದಿದ್ದ. ಮಂಜುಗಡ್ಡೆ ದಡಕ್ಕೆ ಬಂದ ರಾತ್ರಿ ಅಲೆ ನಿಲ್ಲುತ್ತದಂತೆ. ಸದ್ದು ನಿಂತದ್ದಕ್ಕೇ ಊರವರಿಗೆ ಎಚ್ಚರವಾಗುತ್ತದಂತೆ.

"ಹದಿನೆಂಟಕ್ಕೆ ಕತ್ತರಿ ಹಿಡಿದೋಳು. ಅವತ್ತಿಂದ ನನ್ನ ಕಿವೀಲಿ ಬರೀ ಗಿರಾಕಿಗಳ ಮಾತು ಕಣೋ. ಸುಮ್ಮನಿರೋ ಸಮುದ್ರ ಒಂದ್ಸಲ ಕೇಳ್ಬೇಕು."

ಬರುತ್ತಾಳೆ! ಹಲ್ಲಿನ ಡಾಕ್ಟರನ್ನು ಏಪ್ರಿಲ್‌ಗೆ ತಳ್ಳಿದಳು.

ಜನವರಿ 16, ಗುರುವಾರ

ಸಭೆಗೆ ಅಡಚಣೆ.

ಮೈಲಿಯ ಟಿಕೆಟ್ ತೆಗೆಯುವ ಮುನ್ನ ಚಿಕ್ಕಮ್ಮನ ಹೆಸರನ್ನು ವಿಮಾನ ಕಂಪನಿಯ ಪಟ್ಟಿಗೆ ಸೇರಿಸಬೇಕು. 'ಇವರು ನಿಮಗೆ ಏನಾಗಬೇಕು' ಎಂದು ವೆಬ್‌ಸೈಟು ಕೇಳುತ್ತದೆ. ಗಂಡ, ಹೆಂಡತಿ, ತಂದೆ, ತಾಯಿ, ಮಕ್ಕಳು, ಒಡಹುಟ್ಟಿದವರು, ಅಜ್ಜ, ಅಜ್ಜಿ, ಮೊಮ್ಮಕ್ಕಳು. ಮುಗಿಯಿತು. ಮೇಲೆ ಎಳೆದೆ, ಕೆಳಗೆ ಎಳೆದೆ. ಚಿಕ್ಕಮ್ಮ ಇಲ್ಲ.

ಫೋನು. ಹದಿನಾಲ್ಕು ನಿಮಿಷ ಪಿಯಾನೋ. ಆಮೇಲೆ ಒಬ್ಬ ಹುಡುಗಿ, ದನಿಯಲ್ಲೇ ಬಗ್ಗಿ ನಮಸ್ಕರಿಸುವವಳು.

"ಮೈಲಿ ಟಿಕೆಟ್ ಎರಡನೇ ಹಂತದ ಬಂಧುಗಳವರೆಗೆ ಮಾತ್ರ ಸರ್. ಚಿಕ್ಕಮ್ಮ ಮೂರನೇ ಹಂತ ಆಗ್ತಾರೆ."

"ಏಳನೇ ವಯಸ್ಸಿಂದ ಅವರೇ ನನ್ನ ಸಾಕಿದ್ದು."

"ತುಂಬಾ ಒಳ್ಳೇ ವಿಷಯ ಸರ್. ಕ್ಷಮಿಸಬೇಕು, ಸಾಕಿದವರು ಅನ್ನೋದಕ್ಕೆ ಇಲ್ಲಿ ಜಾಗ ಇಲ್ಲ."

ನಾನೂ ಕ್ಷಮೆ ಕೇಳಿದೆ. ಅವಳು ಮತ್ತೊಮ್ಮೆ. ಯಾರು ಮೊದಲು ಫೋನ್ ಇಡಬೇಕೋ ತಿಳಿಯದೆ ಇಬ್ಬರೂ ಸ್ವಲ್ಪ ಹೊತ್ತು ಕ್ಷಮೆ ಕೇಳಿಕೊಳ್ಳುತ್ತಲೇ ಇದ್ದೆವು.

ಜನವರಿ 17, ಶುಕ್ರವಾರ

ಹಂತ ಎಣಿಸುವ ಕ್ರಮ ಓದಿದೆ. ಬಲು ಕುತೂಹಲದ ಸಂಗತಿ. ಚಿಕ್ಕಮ್ಮನ ಹತ್ತಿರ ನೇರ ಹೋಗುವಂತಿಲ್ಲ. ನನ್ನಿಂದ ಅಮ್ಮನಿಗೆ, ಒಂದು. ಅಮ್ಮನಿಂದ ಅಜ್ಜನಿಗೆ, ಎರಡು. ಅಜ್ಜನಿಂದ ಕೆಳಗಿಳಿದು ಚಿಕ್ಕಮ್ಮನಿಗೆ, ಮೂರು. ಇಲ್ಲದ ಇಬ್ಬರನ್ನು ದಾಟಿ ಹೋದರೆ ಸಿಗುತ್ತಾಳೆ, ದಿನಾ ಬೆಳಿಗ್ಗೆ ಊಟದ ಡಬ್ಬಿ ಕಟ್ಟಿದವಳು.

ಇನ್ನೂ ಇದೆ. ಒಸಾಕಾದಲ್ಲಿ ಅಪ್ಪನ ಎರಡನೇ ಸಂಸಾರದ ಮಗಳೊಬ್ಬಳಿದ್ದಾಳೆ. ನೋಡಿಲ್ಲ. ಹೆಸರೂ ಸರಿಯಾಗಿ ಗೊತ್ತಿಲ್ಲ. ಅವಳು ಎರಡನೇ ಹಂತ. ಅವಳನ್ನು ಕರೆದೊಯ್ಯಬಹುದು!

ಕಾಣದ ತಂಗಿಗೆ ಕಿಟಕಿಯ ಜಾಗ,
ಸಾಕಿದ ಕೈಗೆ ಬಾಗಿಲ ಬೀಗ.

ಪಟ್ಟಿಯನ್ನು ಮತ್ತೆ ತೆರೆದೆ. ಸುಮ್ಮನೆ 'ತಾಯಿ' ಒತ್ತಿ ನೋಡಿದೆ. ಹೆಸರು ತುಂಬುವ ಖಾಲಿ ಚೌಕ ತೆರೆದುಕೊಂಡಿತು. ಸ್ವಲ್ಪ ಹೊತ್ತು ನೋಡಿದೆ. ಮುಚ್ಚಿದೆ.

ಜನವರಿ 24, ಶುಕ್ರವಾರ

ವಿಭಾಗದ ಹೊಸ ವರ್ಷದ ಕೂಟ. ಹದಿಮೂರು ಜನ. ಇಡೀ ಬಿಲ್ಲು ನನ್ನ ಕಾರ್ಡಿನಲ್ಲಿ, ತಲೆಗಿಷ್ಟು ಎಂದು ಎಲ್ಲರಿಂದ ನಗದು. ಇದು ನನ್ನ ಸುಗ್ಗಿ. ಪಕ್ಕದ ಮೇಜಿನ ಓಗಾತಾ ಚಿಲ್ಲರೆ ಎಣಿಸಿ ಕೊಡುತ್ತ,

"ತಗೊಳ್ಳಿ ಹಿದಾಕಾ ಅವರೇ. ನಾನು ಕೋಳಿ ರೆಕ್ಕೆ ತಿಂದಿದ್ದಕ್ಕೆ ನಿಮಗೆ ರೆಕ್ಕೆ ಬರ್ಲಿ."

ಎರಡು ಲೋಟ ಬಿಯರ್ ಒಳಗಿತ್ತು. ಮೂರನೇ ಹಂತದ ಕಥೆ ಹೇಳಿದೆ.

"ಅಯ್ಯೋ, ಅದಕ್ಕೇನಂತೆ? ದತ್ತು ಹೋಗ್ಬಿಡಿ."

"ನಂಗೆ ನಲವತ್ತಾರು."

"ನಮ್ಮ ಮಾವ ಐವತ್ತೆರಡಕ್ಕೆ ದತ್ತು ಹೋದ್ರು. ಸೋಯಾ ಸಾಸ್ ಕಾರ್ಖಾನೆಗೆ ವಾರಸುದಾರ ಬೇಕು ಅಂತ ಯಜಮಾನ್ರೇ ಕರ್ಕೊಂಡ್ರು. ಒಂದು ಹಾಳೆ, ಇಬ್ಬರು ಸಾಕ್ಷಿ. ಮದುವೆಗಿಂತ ಸಲೀಸು, ಆಮೇಲೆ ಜಗಳಾನೂ ಕಮ್ಮಿ."

ಎಲ್ಲರೂ ನಕ್ಕರು. ನಾನೂ. ಮೊದಲು ನಿಂತದ್ದು ನನ್ನ ನಗು.

ಜನವರಿ 28, ಮಂಗಳವಾರ

ಊಟದ ಬಿಡುವಿನಲ್ಲಿ ನಗರ ಕಚೇರಿ. ಬರೀ ಕುತೂಹಲ.

"ದತ್ತು ತಗೊಳ್ಳೋರಾ, ಹೋಗೋರಾ?" ಎಂದ ಗುಮಾಸ್ತ, ಹಲ್ಲಿನ ಸಂದಿಯಲ್ಲಿ ಇನ್ನೂ ಪಾಲಕ್.

"ಹೋಗೋನು."

"ಮನೆತನದ ಹೆಸರು ಬದಲಾಗುತ್ತೆ. ಗೊತ್ತಲ್ವಾ?"

ಆಗ ಗೊತ್ತಾಯಿತು. ಹಿದಾಕಾ ಹೋಗಿ ಕುರೊಗಿ. ಸಭಿಕರೇ, ಗಮನಿಸಿ: ಹನ್ನೊಂದು ಕಾರ್ಡಿಗೆ ಹನ್ನೊಂದು ಹೆಸರು ಬದಲಾವಣೆ ಅರ್ಜಿ, ಬ್ಯಾಂಕು, ಲೈಸೆನ್ಸು, ಕಂಪನಿಯ ಬಿಲ್ಲೆ, ಸಹಿಯ ಬದಲು ಒತ್ತುವ ಹೆಸರಿನ ಹೊಸ ಮೊಹರು. 41,000 ಮೈಲಿಗೆ ಇಷ್ಟು ಓಡಾಟ ಲಾಭವೇ? ಲೆಕ್ಕ ಹಾಕಿದರೆ ಅಲ್ಲ.

ದತ್ತಿನ ಹಾಳೆ ಹಾಕಿಕೊಟ್ಟ ಲಕೋಟೆಯ ಹಿಂದೆ 'ಕುರೊಗಿ ತೊಮೊಯಾ' ಬರೆದು ನೋಡಿದೆ. ಕಾರ್ಡಿನ ಸಹಿಗೆ ಅಭ್ಯಾಸ. ಹನ್ನೆರಡು ಸಲ. ಕಾರ್ಡು ಹನ್ನೊಂದೇ.

ಫೆಬ್ರವರಿ 3, ಸೋಮವಾರ

ಕೂದಲು ಬೆಳೆದಿರಲಿಲ್ಲ. ಆದರೂ ಹೋದೆ. ಕತ್ತಿನ ಹಿಂದೆ ಕತ್ತಿ ಇಟ್ಟಾಗ ವಿಷಯ ತೆಗೆದೆ. ಹೊತ್ತು ಆರಿಸಿದ್ದು ಸರಿಯಿರಲಿಲ್ಲ.

ಉಪನ್ಯಾಸದ ಧಾಟಿಯಲ್ಲೇ ಹೇಳಿದೆ — ಹಂತ, ನಿಯಮ, ಹಾಳೆ, ಕೊನೆಯ ದಿನ. ಕನ್ನಡಿಯೊಳಗಿಂದ ನನ್ನನ್ನೇ ನೋಡುತ್ತಿದ್ದಳು.

"ಅಂದ್ರೆ, ಚಿಕ್ಕಮ್ಮ ಅನ್ನೋದ್ರಲ್ಲಿ 'ಚಿಕ್ಕ' ಕತ್ತರಿಸೋಕೆ ನಗರ ಕಚೇರಿ ಫಾರಂ ಬೇಕು."

"ಹೂಂ. ಒಂದೇ ಹಾಳೆ."

"ದುಡ್ಡು ಕೊಟ್ಟು ಟಿಕೆಟ್ ತಗೊಂಡ್ರೆ?"

"ಸೀಟಿಲ್ಲ. ಎಲ್ಲಾ ತುಂಬಿದೆ."

ಕತ್ತಿ ಒರೆಸಿದಳು. ಒರೆಸಿದ್ದನ್ನೇ ಒರೆಸಿದಳು.

"ಟಿಕೆಟ್‌ಗೋಸ್ಕರ ಆದ್ರೆ ಬೇಡ ಕಣೋ. ಅದು ಅಕ್ಕನ ಜಾಗ. ಮೈಲಿ ಲೆಕ್ಕದಲ್ಲಿ ನಾನು ಹೋಗಿ ಕೂರಲ್ಲ."

ಬಿಸಿ ಟವೆಲನ್ನು ಮುಖದ ಮೇಲೆ ಹಾಕಿದಳು. ಎಂದಿಗಿಂತ ಹೆಚ್ಚು ಹೊತ್ತು ಬಿಟ್ಟಳು. ಟವೆಲ್ ತಣ್ಣಗಾಯಿತು.

ಬರುವಾಗ ದಾರಿಯುದ್ದಕ್ಕೂ ಒಂದೇ ಯೋಚನೆ. 'ಬೇಡ' ಎಂದು ಬಿಡಬಹುದಿತ್ತು. 'ಟಿಕೆಟ್‌ಗೋಸ್ಕರ ಆದ್ರೆ' ಎಂದದ್ದೇಕೆ? ಬೇರೆ ಯಾವುದಕ್ಕೋಸ್ಕರ ಆದರೆ...

ಫೆಬ್ರವರಿ 18, ಮಂಗಳವಾರ

ಎರಡು ಸೋಮವಾರ ಹೋಗಲಿಲ್ಲ. ಇವತ್ತು ಆಫೀಸಿಗೇ ಫೋನ್ ಮಾಡಿದಳು.

"ನಾಗಾತೊಮೊ ಬಂದಿದ್ರು, ಗಡ್ಡ ತೆಗೆಸೋಕೆ. ಅವರ ಮಗಳು ಟ್ರಾವೆಲ್ಸ್‌ನಲ್ಲಿ ಇದ್ದಾಳಲ್ಲ, ಕುರ್ಚಿ ಮೇಲಿಂದ್ಲೇ ಫೋನ್ ಮಾಡಿ ಕೇಳಿಸ್ದೆ. ಸೀಟಿದೆಯಂತೆ ತೊಮೊ. ಬೇಕಾದಷ್ಟು."

"ಹೌದಾ..."

"ಇಬ್ರಿಗೆ ಒಂದು ಲಕ್ಷ ಎಂಬತ್ತನಾಲ್ಕು ಸಾವಿರ ಯೆನ್. ಅರ್ಧ ನಾನು ಹಾಕ್ತೀನಿ."

"ನೋಡೋಣ ಚಿಕ್ಕಮ್ಮ."

"ಏನು ನೋಡೋದು? ತುಂಬಿದೆ ಅಂದ್ಯಲ್ಲ, ಯಾಕೋ?"

ಗ್ರಾಹಕರು ಬಂದರು ಎಂದು ಹೇಳಿ ಇಟ್ಟೆ. ಮೀಟರ್ ವಿಭಾಗಕ್ಕೆ ಗ್ರಾಹಕರು ಬರುವುದಿಲ್ಲ. ಅವಳಿಗೂ ಗೊತ್ತು.

ಫೆಬ್ರವರಿ 28, ಶುಕ್ರವಾರ

41,000ಕ್ಕೆ ಇವತ್ತು ಕೊನೆಯ ದಿನ. ಉಡುಗೊರೆ ಕೂಪನ್ ಮಾಡಿಕೊಳ್ಳಬಹುದು. ಮೂರು ಸಲ ಒತ್ತಿದರೆ ಆಯಿತು. ಒತ್ತಲಿಲ್ಲ.

ಮಾರ್ಚ್ 1, ಶನಿವಾರ. ಬೆಳಿಗ್ಗೆ 9

ಸತ್ತವು. ಹೊಸ ಎರಡು ತಿಂಗಳದ್ದು ಸೇರಿ ಉಳಿದದ್ದು 23,000 ಚಿಲ್ಲರೆ.

ಅಕ್ಕಿ ಸಾಬೂನಿನ ಜೊತೆ ವಿಮಾನದ ದುಡ್ಡನ್ನೂ ಕಟ್ಟಿಸಿಕೊಳ್ಳುವ ಮೂಲೆಯ ಅಂಗಡಿಗೆ ಹೋಗಿ ಎರಡು ಟಿಕೆಟಿನ ದುಡ್ಡು ಕಟ್ಟಿದೆ. ಮುಂದಿನ ಶುಕ್ರವಾರದ ವಿಮಾನ. ನಗದು, ಪೂರ್ತಿ ದರ. ಕೌಂಟರಿನ ಹೆಂಗಸು ನೋಟು ಎರಡು ಸಲ ಎಣಿಸಿ ಕೇಳಿದಳು:

"ಪಾಯಿಂಟ್ ಕಾರ್ಡ್ ಇದೆಯಾ?"

"ಇಲ್ಲ," ಅಂದೆ.

ಮಾರ್ಚ್ 3, ಸೋಮವಾರ. ಸಂಜೆ 5.50, ಕಾರಿನಲ್ಲಿ

ಸಭಿಕರೇ —

ಸಭೆ ಇಲ್ಲ. ಯಾರೂ ಇಲ್ಲ. ದುಡ್ಡು ಜನವರಿ ಎಂಟಕ್ಕೂ ಇತ್ತು, ಟಿಕೆಟ್ ದರದ ಹದಿನೈದು ಪಟ್ಟು. ನಿಯಮವೂ ಗೊತ್ತಿತ್ತು. ನೀಲಿ ಕಾರ್ಡು ತೆಗೆದ ದಿನವೇ ಆ ಪಟ್ಟಿ ಓದಿದ್ದೆ. ಚಿಕ್ಕಮ್ಮ ಅದರಲ್ಲಿಲ್ಲ ಅನ್ನುವುದು ಮೂರು ವರ್ಷದಿಂದ ಗೊತ್ತು. ಗೊತ್ತಿದ್ದೇ ಆರಿಸಿದ್ದು. ಪಿಯಾನೋ ಕೇಳಿದ್ದು ನಿಜ, ಆಶ್ಚರ್ಯಪಟ್ಟದ್ದು ಸುಳ್ಳು. ಈ ಪುಸ್ತಕಕ್ಕೂ ಸುಳ್ಳು ಬರೆದೆ. ದತ್ತಿನ ಮಾತನ್ನು ಓಗಾತಾ ಆಡದಿದ್ದರೆ ನಾನೇ ಆಡಿಸುತ್ತಿದ್ದೆ. ನಾನು ಕೇಳಬೇಕಾದ್ದನ್ನು ನಿಯಮ ಕೇಳಲಿ, ಅವಳು ಬೇಡ ಅಂದರೆ ನಿಯಮಕ್ಕೆ ಅಂದ ಹಾಗಾಗಲಿ — ಅಷ್ಟಕ್ಕೆ ಮೈಲಿ ಕೂಡಿಸಿದ್ದು.

ಐದನೇ ತರಗತಿ, ಶಾಲೆಯ ಆಟದ ದಿನ. ಓಟದಲ್ಲಿ ಮೂರನೆಯವನಾಗಿ ಬಂದೆ. ಹಗ್ಗದಾಚೆ ಅವಳು ನಿಂತಿದ್ದಳು. "ಅಮ್ಮಾ" ಎಂದು ಬಾಯಿಗೆ ಬಂತು. ಜೋರಾಗಿಯೇ. ಅವಳು ಹಿಂದೆ ತಿರುಗಿ ನೋಡಿದಳು. ಯಾರ ಅಮ್ಮನನ್ನು ಕರೆಯುತ್ತಿದ್ದಾನೆ ಎಂದು. ಆಮೇಲೆ ಕರೆಯಲಿಲ್ಲ.

ಎದುರಿಗೇ ಚಿಕ್ಕಮ್ಮನ ಅಂಗಡಿ. ಷಟರ್ ಅರ್ಧ ಮೇಲಿದೆ. ಒಳಗೆ ದೀಪ. ಮೊದಲು ಟಿಕೆಟ್ ಕೊಡುವುದು. ಅದು ಮುಗಿಯಿತು, ಈಗ ಬೇರೆ ಮಾತು ಎಂದು ಹೇಳಿ, ದತ್ತಿನ ಹಾಳೆ ತೆಗೆದು, ಉಪನ್ಯಾಸವಿಲ್ಲದೆ, ಪ್ರಾಸವಿಲ್ಲದೆ —

ಅವಳೇ ಬಗ್ಗಿ ಹೊರಗೆ ಬಂದಳು. ಕಾರಿನ ಕಡೆಗೇ ಬರುತ್ತಿದ್ದಾಳೆ. ಬರೆದದ್ದು ಸಾಕು, ಇಳಿಯುತ್ತೇನೆ.