ಎರಡನೇ ತೋಳು

ಬೀದರ, ಸೋಮವಾರ, ೧೧ ಅಕ್ಟೋಬರ್ ೧೯೪೮

ರಾತ್ರಿ ಎರಡಕ್ಕೆ ಟಾಂಗಾದ ಸಪ್ಪಳಕ್ಕೆ ಎಚ್ಚರವಾಯಿತು. ಇವರೇ ಬಂದರೆಂದು ಬಾಗಿಲಿಗೆ ಓಡಿದೆ. ಟಾಂಗಾ ನಿಲ್ಲದೆ ಹೋಯಿತು.

ಗೆಳತಿ ಕುಲ್ಸುಮ್ ಹೆರಿಗೆಗೆಂದು ಭಾಲ್ಕಿಯ ತವರಿಗೆ ಹೋದಾಗ ಹಿಂದುಸ್ತಾನದ ಮಿಲಿಟರಿ ಇನ್ನೂ ಬಂದಿರಲಿಲ್ಲ. ಈಗ ಆ ಕಡೆ ಮುಸಲ್ಮಾನರ ಮನೆಗಳು ಉರಿದವೆನ್ನುತ್ತಾರೆ. ಅವಳ ಸುದ್ದಿಯೇ ಇಲ್ಲ. ಇವರು ನಿನ್ನೆ ಹುಡುಕಲು ಹೋದರು.

ಅವಳ ಕೂಸಿಗೆ ಸ್ವೆಟರ್ ಹೆಣೆಯುತ್ತಿದ್ದೇನೆ. ಪೇಟೆಯಲ್ಲಿ ಉಣ್ಣೆ ಸಿಗಲಿಲ್ಲ. ಕಾಲೇಜಿನಲ್ಲಿ ಅವಳು ನನ್ನ ಕೇಳದೇ ಹಾಕಿಕೊಂಡು ಹೋಗುತ್ತಿದ್ದ ನನ್ನ ಹಸಿರು ಸ್ವೆಟರನ್ನೇ ಬಿಚ್ಚಿದೆ.

"ಹುಟ್ಟೂಕಿಂತ ಮೊದಲ ಪೂರಾ ಮಾಡಬ್ಯಾಡವ್ವ, ಕೂಸಿಗಿ ಛಲೋ ಅಲ್ಲ. ಒಂದು ತೋಳು ಬಿಡು" ಎಂದಿದ್ದರು ಅತ್ತೆ.

"ನಾವು ಯೇಸುಸ್ವಾಮಿ ಮಂದಿ, ಇದೆಲ್ಲಾ ಯಾಕ್ರಿ ಅತ್ತಿ?" ಎಂದು ನಕ್ಕಿದ್ದೆ.

"ಯೇಸುಸ್ವಾಮಿಗೂ ಅವ್ವ ಇದ್ದಳಲ್ಲ!"

ಕುಲ್ಸುಮಳ ದಿನ ತುಂಬಿ ಎಷ್ಟೋ ಆಯಿತು. ರಾತ್ರಿಯೆಲ್ಲ ಆ ಎರಡನೇ ತೋಳು ಹೆಣೆಯುತ್ತೇನೆ, ಮುಂಗೈ ಹತ್ತಿರ ಬಂದೊಡನೆ ಹೆದರಿ ಬಿಚ್ಚುತ್ತೇನೆ. ಬಿಚ್ಚಿ ಬಿಚ್ಚಿ ಸವೆದ ನೂಲು ಇವತ್ತು ಹರಿಯಿತು. ಗಂಟು ಹಾಕಲು ಕೈ ಬರುತ್ತಿಲ್ಲ. ನನ್ನ ಮಗ ಮಗ್ಗುಲಲ್ಲಿ ಬೆಚ್ಚಗೆ ಮಲಗಿದ್ದಾನೆ, ಅದಕ್ಕೂ ನಾಚಿಕೆಯಾಗುತ್ತದೆ.

ರೀ, ಫೋನ್ ಮಾಡ್ರಿ. ಭಾಲ್ಕಿ ಸ್ಟೇಷನ್ನಿನಿಂದ ಇಲ್ಲಿ ಮಿಷನ್ ಆಸ್ಪತ್ರೆಗೆ ಮಾಡ್ರಿ, ನರ್ಸ್ ಹೆಲೆನ ಓಡಿ ಬಂದು ಹೇಳ್ತಾಳ. ಬೆಳಗಾಗೂದ್ರೊಳಗ ಮಾಡ್ರಿ. ಕೂಸು ಹುಟ್ಟ್ಯಾದ ಅಂತ ಒಂದೇ ಮಾತು, ಅಷ್ಟೇ ಸಾಕ್ರಿ, ನಾ ಈ ತೋಳು